ಠ ಬರೆದ ಕನ್ನಡಿ

ಮಕ್ಕಳೇ, ಈ ಆಟವನ್ನು ನೀವೆಲ್ಲ ಒಮ್ಮೆಯಾದರೂ ಆಡಿರುತ್ತೀರಿ. ಮಧ್ಯಾಹ್ನದ ಹೊತ್ತು. ಕಿಟಕಿಯಿಂದ ಬಿಸಿಲುಕೋಲು ಒಳಗೆ ಬಿದ್ದಿದೆ. ಕುಂಕುಮದ ಡಬ್ಬಿಯ ಪುಟ್ಟ ಕನ್ನಡಿಯನ್ನು ಅದಕ್ಕೆ ಒಡ್ಡಿದರೆ ಸೂರಿನ ಮೇಲೆ ಬೆಳಕಿನ ಬಿಲ್ಲೆಯೊಂದು ಬಂದು ಕೂರುತ್ತದೆ. ಕೈಯನ್ನು ಚೂರೇ ಚೂರು ಓರೆ ಮಾಡಿದರೆ ಸಾಕು, ಬಿಲ್ಲೆ ಸೂರಿನಿಂದ ಗೋಡೆಗೆ, ಗೋಡೆಯಿಂದ ಬೀರುವಿಗೆ ನೆಗೆಯುತ್ತದೆ. ಮನೆಯ ಬೆಕ್ಕು ಅದನ್ನು ಹಿಡಿಯಲು ಓಡುತ್ತದೆ, ಹಿಡಿದಾಗ ಅದು ಬೆಕ್ಕಿನ ಬೆನ್ನ ಮೇಲಿರುತ್ತದೆ!

ಕೈ ಅಲುಗಿದ್ದು ಎಷ್ಟು ಕಡಿಮೆ, ಬೆಳಕು ಓಡಿದ್ದು ಎಷ್ಟು ದೂರ! ಇದಕ್ಕೆ ಕಾರಣ ಎರಡು. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಅದರಿಂದ ಹೊರಟ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಬೆಳಕು ಯಾವ ಓರೆಯಲ್ಲಿ ಬಂದು ಬೀಳುತ್ತದೋ ಅದೇ ಓರೆಯಲ್ಲಿ ಆಚೆ ಹೋಗಬೇಕಲ್ಲ, ಹಾಗಾಗಿ ಬರುವ ಕಡೆ ಒಂದು, ಹೋಗುವ ಕಡೆ ಒಂದು ಸೇರಿ ಎರಡು. ಇನ್ನೊಂದು ಕಾರಣ ದೂರ. 3 ಮೀಟರ್ ಆಚೆಯ ಗೋಡೆಯಲ್ಲಿ ಎರಡು ಡಿಗ್ರಿ ಎಂದರೆ ಸುಮಾರು 10 ಸೆಂಟಿಮೀಟರ್. ಕಣ್ಣಿಗೆ ಕಾಣಿಸದಷ್ಟು ಸಣ್ಣ ಅಲುಗಾಟ ಗೋಡೆಯ ಮೇಲೆ ಅರ್ಧ ಗೇಣಿನ ಓಟವಾಗುತ್ತದೆ.

ಈ ಗುಟ್ಟನ್ನು ದೊಡ್ಡ ಕೆಲಸಕ್ಕೆ ಹಚ್ಚಿದವರು ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. 1858ರಲ್ಲಿ ಐರ್ಲೆಂಡಿನಿಂದ ಅಮೆರಿಕ ಖಂಡದ ನ್ಯೂಫೌಂಡ್‌ಲ್ಯಾಂಡಿನವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಎಳೆದರು. ಸಂದೇಶವೇನೋ ಹೊರಡುತ್ತಿತ್ತು. ಆದರೆ ಅಷ್ಟು ದೂರ ದಾಟಿ ಬರುವ ಹೊತ್ತಿಗೆ ಕರೆಂಟ್ ಸೋತು ಸೊರಗಿರುತ್ತಿತ್ತು. ಸಾಮಾನ್ಯ ಯಂತ್ರದ ಮುಳ್ಳನ್ನು ಅಲುಗಿಸುವ ಬಲವೂ ಅದಕ್ಕಿರಲಿಲ್ಲ. ಥಾಮ್ಸನ್ ಒಂದು ಪುಟ್ಟ ಕನ್ನಡಿಯ ಬೆನ್ನಿಗೆ ಸಣ್ಣ ಅಯಸ್ಕಾಂತಗಳನ್ನು ಅಂಟಿಸಿ, ತಂತಿಯ ಸುರುಳಿಯ ನಡುವೆ ರೇಷ್ಮೆಯ ಎಳೆಯಲ್ಲಿ ತೂಗುಬಿಟ್ಟರು. ಸುರುಳಿಯಲ್ಲಿ ಕರೆಂಟ್ ಹರಿದರೆ ಅದೂ ಅಯಸ್ಕಾಂತವಾಗುತ್ತದೆ, ಕನ್ನಡಿ ಒಂದಿಷ್ಟೇ ಹೊರಳುತ್ತದೆ. ದೀಪದ ಬೆಳಕು ಕನ್ನಡಿಗೆ ತಾಗಿ ದೂರದ ಅಳತೆಪಟ್ಟಿಯ ಮೇಲೆ ಎಡಕ್ಕೆ, ಬಲಕ್ಕೆ ಸರಿಯುತ್ತದೆ. ಆ ಬೆಳಕನ್ನು ನೋಡಿ ನೋಡಿ ಸಂದೇಶ ಓದಿದರು. ಬೆಳಕೇ ಅಲ್ಲಿ ಉದ್ದನೆಯ ಮುಳ್ಳು, ಒಂದಿಷ್ಟೂ ತೂಕವಿಲ್ಲದ ಮುಳ್ಳು. ಆ ಉಪಕರಣದ ಹೆಸರು ಕನ್ನಡಿ ಗ್ಯಾಲ್ವನಾಮೀಟರ್.

ಈಗ ಇದೇ ಗುಟ್ಟಿನಿಂದ ನಡೆಯುವ ಲೇಸರ್ ಪ್ರದರ್ಶನಕ್ಕೆ ಬರೋಣ. ಗೋಡೆಯ ಮೇಲೆ ಹಸಿರು ಗೆರೆಯಲ್ಲಿ ಮೀನು ಈಜುತ್ತದೆ, ಚಿಟ್ಟೆ ರೆಕ್ಕೆ ಬಡಿಯುತ್ತದೆ, ಹೆಸರು ಮೂಡುತ್ತದೆ. ನಿಜಕ್ಕೂ ಅಲ್ಲಿ ಗೆರೆಯೇ ಇಲ್ಲ. ಇರುವುದು ಒಂದೇ ಒಂದು ಚುಕ್ಕೆ. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನು ಜೋರಾಗಿ ಸುತ್ತಿಸಿದರೆ ಕತ್ತಲಲ್ಲಿ ಬೆಂಕಿಯ ಬಳೆ ಕಾಣುತ್ತದಲ್ಲ, ಇದೂ ಹಾಗೆಯೇ. ನಾವು ಕಂಡದ್ದು ಸೆಕೆಂಡಿನ ಸಣ್ಣದೊಂದು ಪಾಲಿನಷ್ಟು ಹೊತ್ತು ನೋಟದಲ್ಲಿ ಉಳಿದಿರುತ್ತದೆ. ಅದು ಅಳಿಸಿಹೋಗುವ ಮೊದಲೇ ಚುಕ್ಕೆ ಚಿತ್ರದ ಸುತ್ತ ಒಂದು ಸುತ್ತು ಬಂದುಬಿಟ್ಟರೆ ನಮಗೆ ಪೂರ್ತಿ ಚಿತ್ರ ಕಾಣುತ್ತದೆ. ಸೆಕೆಂಡಿಗೆ ಇಪ್ಪತ್ತು ಸುತ್ತಾದರೂ ಬರಬೇಕು, ಇಲ್ಲದಿದ್ದರೆ ಚಿತ್ರ ಮಿಣುಕುತ್ತದೆ.

ಚುಕ್ಕೆಯನ್ನು ಹೀಗೆ ಓಡಿಸಲು ಎರಡು ಕನ್ನಡಿ ಬೇಕು. ಒಂದು ಬೆಳಕನ್ನು ಎಡ–ಬಲ ಓಡಿಸುತ್ತದೆ. ಅಲ್ಲಿಂದ ಬಂದ ಬೆಳಕನ್ನು ಇನ್ನೊಂದು ಮೇಲೆ–ಕೆಳಗೆ ಓಡಿಸುತ್ತದೆ. ಎರಡೂ ಸೇರಿದರೆ ಗೋಡೆಯ ಯಾವ ಮೂಲೆಯನ್ನಾದರೂ ಮುಟ್ಟಬಹುದು. ಲೇಸರ್ ಹುಟ್ಟುವ ನೂರು ವರ್ಷ ಮೊದಲೇ, 1857ರಲ್ಲಿ, ಫ್ರಾನ್ಸಿನ ಜೂಲ್ ಲಿಸಾಜು ಇದನ್ನು ಮಾಡಿ ತೋರಿಸಿದ್ದರು. ಮಿಡಿಯುವ ಎರಡು ಶ್ರುತಿಕವೆಗಳಿಗೆ (ಟ್ಯೂನಿಂಗ್ ಫೋರ್ಕ್) ಕನ್ನಡಿ ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ಬೆಳಕು ಹಾಯಿಸಿ, ಸುಂದರವಾದ ಬಳ್ಳಿಯಂಥ ಆಕೃತಿಗಳನ್ನು ಬರೆಸಿದರು. 1960ರ ಮೇ 16ರಂದು ಥಿಯೋಡರ್ ಮೈಮನ್ ಅಮೆರಿಕದಲ್ಲಿ ಮೊದಲ ಲೇಸರ್ ಬೆಳಗಿಸಿದರು. 1973ರಲ್ಲಿ ಲಾಸ್ ಏಂಜಲೀಸ್ ನಗರದ ಗ್ರಿಫಿತ್ ವೀಕ್ಷಣಾಲಯದಲ್ಲಿ 'ಲೇಸರಿಯಂ' ಎಂಬ ಪ್ರದರ್ಶನ ಶುರುವಾಗಿ, ಸಂಗೀತಕ್ಕೆ ಲೇಸರ್ ಕುಣಿಯುವುದನ್ನು ಜನ ಕಣ್ತುಂಬ ನೋಡಿದರು. ಇಂದಿನ ಪ್ರದರ್ಶನಗಳಲ್ಲಿ ಕನ್ನಡಿಯನ್ನು ತಿರುಗಿಸುವ ಸಣ್ಣ ಮೋಟರಿಗೆ 'ಗ್ಯಾಲ್ವೊ' ಎನ್ನುತ್ತಾರೆ. ಥಾಮ್ಸನ್ನರ ಉಪಕರಣದ ಹೆಸರೇ ಮೊಟಕಾಗಿ ಉಳಿದಿದೆ. ಅದರ ಒಳಗೂ ಬಹುಮಟ್ಟಿಗೆ ಅದೇ ಏರ್ಪಾಡು: ತಿರುಗುವ ಅಯಸ್ಕಾಂತ, ಸುತ್ತ ನಿಂತ ಸುರುಳಿ.

ಒಳ್ಳೆಯ ಗ್ಯಾಲ್ವೊ ದುಬಾರಿ. ಅದನ್ನು ಆಡಿಸುವ ನಿಯಂತ್ರಕವೂ ದುಬಾರಿ. ಏಳನೇ ಕ್ಲಾಸಿನಲ್ಲಿ ಓದುವ ನನ್ನ ಅಕ್ಕನ ಮಗಳು ಇದನ್ನು ಕೇಳಿ, "ಹಾಗಾದ್ರೆ ನಾವೇ ಮಾಡೋಣ ಮಾಮಾ" ಎಂದಳು. ಒಂದು ಶನಿವಾರ ಇಬ್ಬರೂ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದೆವು. ಅಲ್ಲಿ ಅಂಗಡಿ ಅಂಗಡಿಯಲ್ಲೂ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳನ್ನು ಡಬ್ಬಿಗಳಲ್ಲಿ ತುಂಬಿ ಇಟ್ಟಿರುತ್ತಾರೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಒಂದು ಹಿಡಿ, ಒಂದಿಷ್ಟು ಟ್ರಾನ್ಸಿಸ್ಟರ್ ಕೊಂಡೆವು. ಮನೆಯಲ್ಲಿ ಹಳೆಯ ಎರಡು ಸ್ಪೀಕರ್ ಇದ್ದವು. ಲಂಬಾಣಿ ಕಸೂತಿಯಲ್ಲಿ ಹೊಲಿಯುವಂಥ ಕನ್ನಡಿ ಬಿಲ್ಲೆಗಳನ್ನು ಅವಳು ದರ್ಜಿಯ ಸಾಮಾನಿನ ಅಂಗಡಿಯಿಂದ ತಂದಳು.

ಸ್ಪೀಕರ್ ಯಾಕೆ ಅಂತೀರಾ? ಅದರ ಹೊಟ್ಟೆಯಲ್ಲೂ ಒಂದು ಅಯಸ್ಕಾಂತ, ಒಂದು ಸುರುಳಿ ಇರುತ್ತವೆ. ಕರೆಂಟ್ ಒಂದು ದಿಕ್ಕಿನಲ್ಲಿ ಹರಿದರೆ ನಡುವಿನ ಕಾಗದದ ಶಂಕು ಮುಂದೆ ಬರುತ್ತದೆ, ತಿರುಗಿ ಹರಿದರೆ ಹಿಂದೆ ಹೋಗುತ್ತದೆ. ಕನ್ನಡಿಯ ಒಂದು ಅಂಚನ್ನು ಟೇಪಿನಿಂದ ಬಾಗಿಲ ಕೀಲಿನ ಹಾಗೆ ಚೌಕಟ್ಟಿಗೆ ಅಂಟಿಸಿ, ಇನ್ನೊಂದು ಅಂಚನ್ನು ಶಂಕುವಿಗೆ ಅಂಟಿಸಿದ ಕಡ್ಡಿಗೆ ತಾಗಿಸಿದೆವು. ಶಂಕು ಮುಂದೆ ಬಂದರೆ ಕನ್ನಡಿ ಓರೆಯಾಗುತ್ತದೆ. ಕನ್ನಡಿಯನ್ನು ಆದಷ್ಟೂ ಚಿಕ್ಕದು ಆರಿಸಿದೆವು. ಅದೇ ದಪ್ಪದ ಕನ್ನಡಿಯ ಉದ್ದ, ಅಗಲ ಎರಡನ್ನೂ ದುಪ್ಪಟ್ಟು ಮಾಡಿದರೆ ತೂಕ ನಾಲ್ಕು ಪಟ್ಟಾಗುತ್ತದೆ, ಅದನ್ನು ತಿರುಗಿಸುವ ಕಷ್ಟವಂತೂ ಹದಿನಾರು ಪಟ್ಟು!

ಕೈಯೇನೋ ಸಿದ್ಧವಾಯಿತು, ಇನ್ನು ಬುದ್ಧಿ ಬೇಕು. ನಿಯಂತ್ರಕದ ಕೆಲಸ ಏನು? ಅಂಕಿಯನ್ನು ವೋಲ್ಟೇಜ್ ಮಾಡುವುದು. ಕಂಪ್ಯೂಟರಿಗೆ ಗೊತ್ತಿರುವುದು ಅಂಕಿ, ಸುರುಳಿಗೆ ಗೊತ್ತಿರುವುದು ಕರೆಂಟ್. ನಡುವೆ ದುಭಾಷಿ ಬೇಕು. ಆರ್ಡುಯಿನೊ ಬೋರ್ಡಿನ ಒಂದೊಂದು ಕಾಲಿಗೆ (ಪಿನ್ನಿಗೆ) ಗೊತ್ತಿರುವುದು ಎರಡೇ ಮಾತು: ಹೌದು ಅಂದರೆ 5 ವೋಲ್ಟ್, ಇಲ್ಲ ಅಂದರೆ ಸೊನ್ನೆ. ನಡುವಿನ ವೋಲ್ಟೇಜ್ ಅದಕ್ಕೆ ಬರುವುದಿಲ್ಲ.

ಇಲ್ಲಿ ತಕ್ಕಡಿಯನ್ನು ನೆನೆಯಿರಿ. ನಿಮ್ಮ ಹತ್ತಿರ 1, 2, 4, 8, 16, 32, 64, 128 ಗ್ರಾಂ ತೂಗುವ ಎಂಟು ಕಲ್ಲುಗಳಿವೆ ಎನ್ನಿ. ಅವನ್ನು ಬೇರೆ ಬೇರೆ ರೀತಿ ಕೂಡಿಸಿ 0ಯಿಂದ 255ರವರೆಗೆ ಯಾವ ತೂಕವನ್ನಾದರೂ ತೂಗಬಹುದು. 200 ಬೇಕೇ? 128, 64, 8 ಇಡಿ. ಎಂಟು ಕಾಲುಗಳನ್ನು ಈ ಎಂಟು ಕಲ್ಲುಗಳ ಹಾಗೆ ಬಳಸಬಹುದು. ಅದಕ್ಕೆ ರೆಸಿಸ್ಟರ್‌ಗಳ ಒಂದು ಏಣಿ ಕಟ್ಟುತ್ತಾರೆ. ಏಣಿಯ ತುದಿಗೆ ಹತ್ತಿರದ ಕಾಲು ಹೌದು ಅಂದರೆ ತುದಿಯಲ್ಲಿ 2.5 ವೋಲ್ಟ್ ಸಿಗುತ್ತದೆ. ಅದರ ಪಕ್ಕದ್ದು ಅದರ ಅರ್ಧ ಕೊಡುತ್ತದೆ, 1.25. ಮುಂದಿನದು ಅದರ ಅರ್ಧ. ಹೀಗೆ ಒಂದೊಂದು ಮೆಟ್ಟಿಲಿಗೂ ಅರ್ಧರ್ಧ. 200 ಎಂದು ಹೇಳಿದರೆ ತುದಿಯಲ್ಲಿ ಸುಮಾರು 3.9 ವೋಲ್ಟ್ ಬರುತ್ತದೆ.

ಈ ಏಣಿಗೆ ಎರಡೇ ಬಗೆಯ ರೆಸಿಸ್ಟರ್ ಸಾಕು: ಒಂದು ಅಳತೆಯದು, ಅದರ ದುಪ್ಪಟ್ಟಿನದು. ದುಪ್ಪಟ್ಟಿಗೆ ಎರಡನ್ನು ಸಾಲಾಗಿ ಜೋಡಿಸಿದರೆ ಒಂದೇ ಬಗೆಯದು ಸಾಕು. ಹಾಗೆ ಲೆಕ್ಕ ಹಾಕಿದರೆ ಒಂದು ಏಣಿಗೆ ಇಪ್ಪತ್ತೈದು, ಎರಡು ಕನ್ನಡಿಗೆ ಐವತ್ತು. ನಮ್ಮ ಹುಡುಗಿ ಐವತ್ತನ್ನೂ ಒಂದೊಂದಾಗಿ ಮೀಟರ್ ಹಿಡಿದು ಅಳೆದು, ಒಂದಕ್ಕೊಂದು ಸರಿಯಾಗಿ ಹೊಂದುವಂಥವನ್ನು ದೊಡ್ಡ ಮೆಟ್ಟಿಲುಗಳಿಗೆ ಎತ್ತಿಟ್ಟಳು. ಅಲ್ಲಿ ಒಂದು ರೆಸಿಸ್ಟರ್ ಸ್ವಲ್ಪ ಹೆಚ್ಚುಕಡಿಮೆಯಾದರೂ 127ರಿಂದ 128ಕ್ಕೆ ದಾಟುವಾಗ ಗೆರೆ ಮುಗ್ಗರಿಸುತ್ತದೆ. ಈ ಎರಡು ಏಣಿಗಳಿಂದ ಗೋಡೆಯ ಮೇಲೆ 256ಕ್ಕೆ 256, ಅಂದರೆ 65,536 ಜಾಗಗಳನ್ನು ಹೆಸರು ಹಿಡಿದು ಕರೆಯಬಹುದು.

ಏಣಿಯಿಂದ ವೋಲ್ಟೇಜ್ ಸಿಕ್ಕರೂ ಅದರಲ್ಲಿ ಕಸುವಿಲ್ಲ. ಸ್ಪೀಕರ್ ತಳ್ಳಲು ಆಂಪ್ಲಿಫೈಯರ್ ಬೇಕು. ನಾವು ಮೊದಲು ಹಾಡು ಕೇಳುವ ಪುಟ್ಟ ಆಂಪ್ಲಿಫೈಯರನ್ನೇ ಜೋಡಿಸಿದೆವು. ಕನ್ನಡಿಗೆ ಪುಟ್ಟ ಲೇಸರಿನ ಬೆಳಕು ಬಿಟ್ಟು, 200 ಎಂದು ಅಂಕಿ ಕೊಟ್ಟೆವು. ಚುಕ್ಕೆ ಬಲಕ್ಕೆ ಜಿಗಿಯಿತು, ಮರುಕ್ಷಣವೇ ನಡುವಿಗೆ ಮರಳಿತು. ಮತ್ತೆ ಕೊಟ್ಟೆವು. ಮತ್ತೆ ಹಾಗೆಯೇ.

"ಮಾಮಾ, ಅದು ಅಲ್ಲೇ ಯಾಕೆ ನಿಲ್ಲಲ್ಲ?"

ಒಳ್ಳೆಯ ಪ್ರಶ್ನೆ. ಹಾಡು ಎಂದರೆ ಬರೀ ಅಲುಗಾಟ. ಹಾಡಿನ ಆಂಪ್ಲಿಫೈಯರಿನ ಬಾಗಿಲಲ್ಲಿ ಕೆಪಾಸಿಟರ್ ಎಂಬ ಕಾವಲುಗಾರ ಇರುತ್ತಾನೆ. ಅಲುಗುವ ವೋಲ್ಟೇಜನ್ನು ಒಳಗೆ ಬಿಡುತ್ತಾನೆ, ಅಲುಗದೆ ನಿಂತದ್ದನ್ನು ಬಾಗಿಲಲ್ಲೇ ತಡೆಯುತ್ತಾನೆ. ನಮಗೆ ಬೇಕಾದದ್ದು ನಿಲ್ಲುವುದೂ ಸಹ. ಆದ್ದರಿಂದ ಕಾವಲುಗಾರನಿಲ್ಲದ ಆಂಪ್ಲಿಫೈಯರ್ ಒಂದನ್ನು ಆಪ್‌–ಆಂಪ್ ಚಿಪ್ಪು, ಟ್ರಾನ್ಸಿಸ್ಟರ್‌ಗಳಿಂದ ನಾವೇ ಕಟ್ಟಿದೆವು. 128 ಎಂದರೆ ಕರೆಂಟ್ ಇಲ್ಲ, ಕನ್ನಡಿ ನಡುವೆ. ಅದಕ್ಕಿಂತ ಹೆಚ್ಚಾದರೆ ಶಂಕು ಮುಂದಕ್ಕೆ, ಕಡಿಮೆಯಾದರೆ ಹಿಂದಕ್ಕೆ. ಈಗ ಚುಕ್ಕೆ ಹೇಳಿದಲ್ಲಿಗೆ ಹೋಗಿ ಕೂತಿತು.

ಕೂತಿತು ಅಂದೆ, ಆದರೆ ತೆಪ್ಪಗೆ ಕೂರಲಿಲ್ಲ! ಒಂದು ಚೌಕ ಬರೆಸಿದೆವು. ಗೋಡೆಯ ಮೇಲೆ ಮೂಡಿದ ಚೌಕಕ್ಕೆ ಪ್ರತಿ ಮೂಲೆಯಲ್ಲೂ ಗುಂಗುರು ಕೂದಲಿನಂಥ ಸುತ್ತು ಬಂದಿತ್ತು.

ಖೋ–ಖೋ ಆಡಿದ್ದೀರಲ್ಲ? ಶರವೇಗದಲ್ಲಿ ಓಡಿ ಬಂದು ಕಂಬದ ಹತ್ತಿರ ತಿರುಗಬೇಕು. ಕಂಬ ಹಿಡಿಯದವರು ಏನಾಗುತ್ತಾರೆ? ದಾಟಿ ಹೋಗುತ್ತಾರೆ, ಆಮೇಲೆ ತಡವರಿಸಿ ಹಿಂದೆ ಬರುತ್ತಾರೆ. ಕನ್ನಡಿಗೂ ಅಷ್ಟೇ. ಬೆಳಕಿಗೆ ತೂಕವಿಲ್ಲ, ಆದರೆ ಕನ್ನಡಿಗೆ ಇದೆ, ಶಂಕುವಿಗೆ ಇದೆ, ಕಡ್ಡಿಗೂ ಇದೆ. ಒಮ್ಮೆ ಹೊರಟ ತೂಕ ತಾನಾಗಿ ನಿಲ್ಲುವುದಿಲ್ಲ. ಗುರಿ ದಾಟಿ, ಶಂಕುವಿನ ಬಿಗಿತ ಎಳೆದಾಗ ಹಿಂದೆ ಬಂದು, ಮತ್ತೆ ದಾಟಿ, ಉಯ್ಯಾಲೆಯ ಹಾಗೆ ತೂಗಿ ತೂಗಿ ಕೊನೆಗೆ ನಿಲ್ಲುತ್ತದೆ. ಕನ್ನಡಿಯನ್ನು ಓಡಿಸುವುದು ಸುಲಭ, ಮಕ್ಕಳೇ. ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ನಿಲ್ಲಿಸುವುದೇ ಕಷ್ಟ. ದುಬಾರಿ ನಿಯಂತ್ರಕದ ಹೆಚ್ಚುಗಾರಿಕೆ ಇರುವುದೂ ಈ ನಿಲ್ಲಿಸುವ ವಿದ್ಯೆಯಲ್ಲೇ.

ಅದು ಹೇಗೆ ನಿಲ್ಲಿಸುತ್ತದೆ? ಒಳ್ಳೆಯ ಗ್ಯಾಲ್ವೊಗೆ ಒಂದು ಕಣ್ಣಿರುತ್ತದೆ. ಮೋಟರಿನ ಹಿಂಬದಿಯಲ್ಲಿ ಪುಟ್ಟ ದೀಪ, ಬೆಳಕನ್ನು ಅಳೆಯುವ ಪುಟ್ಟ ತುಂಡುಗಳು, ನಡುವೆ ಅಚ್ಚಿನ ಜೊತೆ ತಿರುಗುವ ಒಂದು ಮರೆ. ಮರೆಯ ನೆರಳು ಎಷ್ಟು ಸರಿಯಿತು ಎಂಬುದರಿಂದ ಕನ್ನಡಿ ಈಗ ಎಲ್ಲಿದೆ ಎಂದು ನಿಯಂತ್ರಕಕ್ಕೆ ತಿಳಿಯುತ್ತದೆ. ಅದು ಬಿಡುವಿಲ್ಲದೆ ಕೇಳಿಕೊಳ್ಳುತ್ತಿರುತ್ತದೆ: ಎಲ್ಲಿರಬೇಕಿತ್ತು, ಎಲ್ಲಿದ್ದೇನೆ? ದೂರ ಹೆಚ್ಚಿದ್ದರೆ ಜೋರಾಗಿ ತಳ್ಳು. ಹತ್ತಿರ ಬಂದಾಗ ವೇಗ ಹೆಚ್ಚಿದ್ದರೆ ಎದುರು ತಳ್ಳಿ ಬ್ರೇಕ್ ಹಾಕು. ಒಂದಿಷ್ಟು ಅಂತರ ಬಹಳ ಹೊತ್ತು ಹಾಗೇ ಉಳಿದಿದ್ದರೆ ನಿಧಾನವಾಗಿ ಸರಿಪಡಿಸು. ತುಂಬಿದ ಪಾಯಸದ ಬಟ್ಟಲನ್ನು ಅಡುಗೆಮನೆಯಿಂದ ಪಡಸಾಲೆಗೆ ತರುವಾಗ ನೀವು ಮಾಡುವುದೂ ಇದನ್ನೇ. ಕಣ್ಣು ಬಟ್ಟಲ ಮೇಲಿರುತ್ತದೆ, ಪಾಯಸ ಎತ್ತ ವಾಲಿದರೆ ಕೈ ಅತ್ತ ತಿದ್ದಿಕೊಳ್ಳುತ್ತದೆ.

ನಮ್ಮ ಸ್ಪೀಕರಿಗೆ ಕಣ್ಣಿಲ್ಲ. ಕುರುಡು ಕೈಯಿಂದಲೇ ಅಂದವಾಗಿ ಬರೆಸಬೇಕು. ಮೂರು ಉಪಾಯ ಮಾಡಿದೆವು. ಮೊದಲನೆಯದು, ಕನ್ನಡಿಯ ಬೆನ್ನಿಗೆ ಮೆತ್ತಗೆ ತಾಗುವ ಹಾಗೆ ಒಂದು ಚೂರು ಸ್ಪಂಜು ಅಂಟಿಸಿದೆವು. ತೂಗಾಟವನ್ನು ಅದು ಹೀರಿಕೊಂಡಿತು. ಎರಡನೆಯದು, ಉದ್ದನೆಯ ಜಿಗಿತ ಕೊಡದೆ ನಡುನಡುವೆ ಬಿಂದುಗಳನ್ನು ಸೇರಿಸಿದೆವು, ಒಂದೇ ನೆಗೆತಕ್ಕೆ ಹಾರುವ ಬದಲು ಮೆಟ್ಟಿಲು ಇಳಿದ ಹಾಗೆ. ಮೂರನೆಯದು, ಮೂಲೆಯ ಬಿಂದುವನ್ನು ಮೂರು ಸಲ ಹೇಳಿದೆವು. ಆ ಹೊತ್ತಿನಲ್ಲಿ ಕನ್ನಡಿ ಸಾವರಿಸಿಕೊಂಡು ಹೊಸ ದಿಕ್ಕಿಗೆ ಹೊರಡುತ್ತದೆ. ಕಂಬ ಹಿಡಿದು ತಿರುಗುವುದೆಂದರೆ ಇದೇ. ದೊಡ್ಡ ಪ್ರದರ್ಶನಗಳಲ್ಲೂ ಮೂಲೆಗಳಲ್ಲಿ ಹೀಗೆ ತಡೆದು ಸಾಗುತ್ತಾರೆ. ಆದರೆ ಅವರ ಗ್ಯಾಲ್ವೊ ಸೆಕೆಂಡಿಗೆ 30,000 ಬಿಂದು ಮುಟ್ಟಬಲ್ಲದು. ಚಿತ್ರ ಸೆಕೆಂಡಿಗೆ ಇಪ್ಪತ್ತು ಸಲ ಬಂದರೂ ಒಂದೊಂದು ಚಿತ್ರಕ್ಕೆ 1,500 ಬಿಂದು ಸಿಗುತ್ತವೆ. ನಾವು ಸೆಕೆಂಡಿಗೆ 1,000 ಬಿಂದು ಇಟ್ಟುಕೊಂಡೆವು, ಚಿತ್ರಕ್ಕೆ ಐವತ್ತು. ಅಷ್ಟರಲ್ಲೇ ಸಂಸಾರ ಮಾಡಬೇಕು.

ಐವತ್ತು ಬಿಂದುಗಳಲ್ಲಿ ಏನು ಬರೆಯುವುದು? ಅವಳು ಮೊದಲು ನಕ್ಷತ್ರ ಬರೆಸಿದಳು. ಐದೂ ಮೊನೆಗಳು ಮೊಂಡಾದವು. ಆಮೇಲೆ 'ರ' ಬರೆಸಿದಳು. ಹೊಟ್ಟೆ ದುಂಡಗೆ, ತಲೆಕಟ್ಟು ಬಳುಕುತ್ತ, ಎಷ್ಟು ಚೆನ್ನಾಗಿ ಬಂತು ಗೊತ್ತೇ! ನಮ್ಮ ಲಿಪಿಯ ದುಂಡಗಿನ ಮೈ ಕನ್ನಡಿಗೆ ಹಿತ. ತಿರುವು ನಿಧಾನವಾಗಿರುವಲ್ಲಿ ಎಲ್ಲೂ ಥಟ್ಟನೆ ನಿಲ್ಲಬೇಕಿಲ್ಲ, ಥಟ್ಟನೆ ಹೊರಡಬೇಕಿಲ್ಲ. ಓಲೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ನಮ್ಮ ಅಕ್ಷರಗಳು ದುಂಡಗಾದವು ಎಂದು ಹಿರಿಯರು ಹೇಳುತ್ತಾರೆ. ಗರಿಗೆ ಹಿತವಾದ ಬಳುಕು ಕನ್ನಡಿಗೂ ಹಿತವಾಯಿತು.

'ರ'ದ ಹೊಟ್ಟೆಯಲ್ಲೊಂದು ಚುಕ್ಕೆ ಇಟ್ಟರೆ 'ಠ'. ಇಲ್ಲಿ ಹೊಸ ತೊಡಕು. ಗೆರೆಯಿಂದ ನಡುವಿನ ಚುಕ್ಕೆಗೆ ಹೋಗುವಾಗ ಬೆಳಕು ದಾರಿಯುದ್ದಕ್ಕೂ ಬಾಲ ಎಳೆಯುತ್ತದೆ. ಕಾಗದದ ಮೇಲೆ ನಾವು ಏನು ಮಾಡುತ್ತೇವೆ? ಪೆನ್ನು ಎತ್ತುತ್ತೇವೆ. ಇಲ್ಲಿ ಪೆನ್ನು ಎತ್ತುವುದೆಂದರೆ ಲೇಸರ್ ಆರಿಸುವುದು. ಏಣಿಗಳಿಗೆ ಹದಿನಾರು ಕಾಲು ಹೋಗಿದ್ದವು, ಹದಿನೇಳನೆಯದನ್ನು ಲೇಸರಿಗೆ ಕೊಟ್ಟೆವು. ಆರಿಸು, ಹೋಗು, ತೂಗಾಟ ನಿಲ್ಲುವವರೆಗೆ ಕಾಯು, ಹಚ್ಚು. ಕಾಯದೆ ಹಚ್ಚಿದರೆ ಚುಕ್ಕೆಯ ಬದಲು ಹುಳ ಹರಿದಂತೆ ಕಾಣುತ್ತಿತ್ತು.

ಈಗ ಬಹಳ ಮುಖ್ಯವಾದ ಮಾತು, ಗಮನವಿಟ್ಟು ಕೇಳಿ. ಲೇಸರ್ ಆಟಿಕೆಯಲ್ಲ. ಕಣ್ಣಿನ ಮಸೂರ ಆ ಬೆಳಕನ್ನು ಅಕ್ಷಿಪಟಲದ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಒಟ್ಟುಮಾಡುತ್ತದೆ. ಅಲ್ಲಿ ಸುಟ್ಟರೆ ಮತ್ತೆ ಸರಿಹೋಗದೆ ಇರಬಹುದು. ನಾವು ಬಳಸಿದ್ದು 1 ಮಿಲಿವಾಟ್‌ಗಿಂತ ಕಡಿಮೆಯದು, ಹಚ್ಚಿದ್ದು ನಾನು, ಬೆಳಕಿನ ದಾರಿಯಲ್ಲಿ ಯಾರೂ ಬಾರದಂತೆ ಬಾಗಿಲು ಹಾಕಿಕೊಂಡಿದ್ದೆವು. ಅಗ್ಗದ ಲೇಸರಿನ ಮೇಲೆ ಬರೆದ ಅಂಕಿ ಯಾವಾಗಲೂ ನಿಜವಾಗಿರುವುದಿಲ್ಲ, ಅದನ್ನು ನಂಬಿ ಕಣ್ಣು ಒಡ್ಡಬೇಡಿ. ಯಾರ ಮುಖಕ್ಕೂ, ವಾಹನಕ್ಕೂ, ವಿಮಾನಕ್ಕೂ ಎಂದೂ ಹಿಡಿಯಬೇಡಿ. ದೊಡ್ಡ ಪ್ರದರ್ಶನಗಳ ಯಂತ್ರಗಳಲ್ಲಿ ಒಂದು ಕಾವಲು ಇರುತ್ತದೆ. ಕನ್ನಡಿ ಓಡುತ್ತಿರುವಾಗ ಬೆಳಕು ಎಲ್ಲೆಡೆ ಹಂಚಿಹೋಗುತ್ತದೆ. ಕನ್ನಡಿ ಕೆಟ್ಟು ನಿಂತರೆ ಅಷ್ಟೂ ಬೆಳಕು ಒಂದೇ ಕಡೆ ಬೀಳುತ್ತದೆ. ಹಾಗಾದ ಕ್ಷಣವೇ ಕಾವಲು ಲೇಸರನ್ನು ಆರಿಸಿಬಿಡುತ್ತದೆ.

ಲೇಸರ್ ಇಲ್ಲದೆಯೂ ನೀವು ಇವತ್ತೇ ಶುರು ಮಾಡಬಹುದು. ಎರಡೂ ಕಡೆ ತೆರೆದ ಡಬ್ಬಿಯ ಒಂದು ಬಾಯಿಗೆ ಬಲೂನಿನ ತುಂಡು ಬಿಗಿದು ಕಟ್ಟಿ. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಒಂದು ಕನ್ನಡಿ ಬಿಲ್ಲೆ ಅಂಟಿಸಿ. ಡಬ್ಬಿಯನ್ನು ಮೇಜಿನ ಮೇಲೆ ಒರಗಿಸಿ, ಟಾರ್ಚಿನ ಬೆಳಕನ್ನು ರಟ್ಟಿನ ಸಣ್ಣ ತೂತಿನಿಂದ ಕನ್ನಡಿಗೆ ಬಿಡಿ. ಡಬ್ಬಿಯ ಇನ್ನೊಂದು ಬಾಯಿಯೊಳಗೆ ರಾಗವಾಗಿ 'ಆ...' ಎನ್ನಿ. ಗೋಡೆಯ ಮೇಲೆ ನಿಮ್ಮ ದನಿ ಬೆಳಕಾಗಿ ನಡುಗುತ್ತದೆ. ದನಿ ಏರಿಸಿ, ಇಳಿಸಿ, ಆಕೃತಿ ಹೇಗೆ ಬದಲಾಗುತ್ತದೆಂದು ಬರೆದಿಟ್ಟುಕೊಳ್ಳಿ. ಇದು ಬರೀ ಆಟವಲ್ಲ. ಕಾರ್ಖಾನೆಯಲ್ಲಿ ವಸ್ತುಗಳ ಮೇಲೆ ಲೇಸರಿನಿಂದ ಅಕ್ಷರ ಕೊರೆಯುವುದೂ, ಕಣ್ಣಾಸ್ಪತ್ರೆಯಲ್ಲಿ ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವುದೂ ಇಂಥ ಹೊರಳುವ ಕನ್ನಡಿಗಳೇ.

ಆ ರಾತ್ರಿ ನಮ್ಮ ಗೋಡೆಯ ಮೇಲೆ ಕೆಂಪು 'ಠ' ಮೂಡಿತು. ತಲೆಕಟ್ಟು ಕೊಂಚ ನಡುಗುತ್ತಿತ್ತು. ಹೊಟ್ಟೆಯೊಳಗಿನ ಚುಕ್ಕೆ ಮಾತ್ರ ಇಟ್ಟಲ್ಲೇ ಕೂತಿತ್ತು, ಚೂರೂ ಅಲುಗದೆ. ಅವಳು ಅಕ್ಷರವನ್ನು ನೋಡಲೇ ಇಲ್ಲ, ಆ ಚುಕ್ಕೆಯನ್ನೇ ನೋಡುತ್ತ ನಿಂತಳು.

"ನಿಂತಿತು ಮಾಮಾ," ಎಂದಳು ಮೆಲ್ಲಗೆ.